ಅವ್ವ ಬೈಯುವುದನ್ನು ಬಿಟ್ಟಳು

ನನ್ನ ಅವ್ವ ಬೈಯುವುದರಲ್ಲಿ ಎತ್ತಿದ ಕೈ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ ಇದ್ದ ಕಾಲದಲ್ಲೂ, ಆ ಎಲ್ಲ ಮಗ್ಗಗಳ ಸದ್ದನ್ನು ದಾಟಿ ಮೂಲೆಯ ಕಿರಾಣಿ ಅಂಗಡಿಯವರೆಗೆ ಕೇಳುತ್ತಿದ್ದ ದನಿ ಅವಳೊಬ್ಬಳದೇ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತಾಗ ಮಾತ್ರ ಮನೆ ತಣ್ಣಗಿರುತ್ತಿತ್ತು. ಲಿಂಗ ಮತ್ತೆ ಕೊರಳಿಗೆ ಬಂತೋ ಇಲ್ಲವೋ, ಶುರು. ಹಾಲು ಉಕ್ಕಿದರೆ ನನಗೆ ಬೈಗುಳ, ಉಕ್ಕದಿದ್ದರೆ ನೀರು ಬೆರೆಸಿದ ಗೌಳಿಗೆ ಬೈಗುಳ. ಮೂಳಿ, ದಡ್ಡಿ, ಹುಚ್ಚಿ, ದೆವ್ವ ಇವೆಲ್ಲ ನನ್ನ ಹೆಸರುಗಳೇ ಎಂದು ನಾನು ನಂಬಿದ್ದೆ. ಸಾಲೆಗೆ ಸೇರಿದ ಹೊಸದರಲ್ಲಿ ಮಾಸ್ತರರು ಹಾಜರಿ ಕೂಗುತ್ತ ನನ್ನ ನಿಜವಾದ ಹೆಸರು ಕರೆದರೆ, ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಸುಮ್ಮನೆ ಕೂತಿರುತ್ತಿದ್ದೆ.

ಮುದ್ದು ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಿ, "ಬಿಸಲಾಗ ತಿರಗಬ್ಯಾಡ ಅಂದ್ರ ಕೇಳಿದ್ಯಾ? ಈಗ ಅನುಭೋಗಸು" ಅನ್ನುತ್ತಿದ್ದಳು. ಹಾಗೆ ಬೈಯುತ್ತ ಬೈಯುತ್ತಲೇ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತ ಕೂತುಬಿಡುತ್ತಿದ್ದಳು. ಮದುವೆಯಾಗಿ ಬಾಗಲಕೋಟೆಗೆ ಬಂದು, ವಿದ್ಯಾಗಿರಿಯಲ್ಲಿ ಮನೆ ಮಾಡಿ, ಅಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸತೊಡಗಿದ ಮೇಲೂ ನನ್ನ ಪಾಲು ತಪ್ಪಲಿಲ್ಲ. ಫೋನಿನಲ್ಲಿ ಬರತೊಡಗಿತು, ಅಷ್ಟೆ. ಒಮ್ಮೆ ನಮ್ಮ ಮನೆಗೆ ಬಂದವಳು ತೊಗರಿಬೇಳೆಯ ಡಬ್ಬಿ ತೆರೆದು ನೋಡಿ, "ಕಣ್ಣಿಗಿ ಕಾಣದ ಹುಳದ ಹೆಸರೆಲ್ಲ ಬಾಯಿಪಾಠ ಹೇಳ್ತಿ, ಬ್ಯಾಳ್ಯಾಗಿನ ಹುಳ ಕಾಣವಲ್ದು ನಿನಗ" ಅಂದಳು. ನನ್ನ ಗಂಡ ಈ ಮಾತನ್ನು ಇವತ್ತಿಗೂ ನೆಂಟರ ಮುಂದೆ ಹೇಳಿಕೊಂಡು ನಗುತ್ತಾನೆ. ನಗಲಿ. ಡಬ್ಬಿಯಲ್ಲಿ ಹುಳ ಇದ್ದದ್ದು ನಿಜ.

ಬೇನೆ ಶುರುವಾದದ್ದು ಬಾದಾಮಿಯಲ್ಲಿ. ಅದರಲ್ಲಿ ಬಾದಾಮಿಯ ತಪ್ಪೇನೂ ಇಲ್ಲ, ಗೊತ್ತಾದದ್ದು ಅಲ್ಲಿ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಬೇರೆಯವರು ಗುಹೆಯ ಮೂರ್ತಿಗಳನ್ನು ನೋಡಲು ಬಂದರೆ ನಾವು ಮಂಗಗಳನ್ನು ನೋಡಲು ಹೋಗುತ್ತಿದ್ದೆವು. ಯಾವ ಮಂಗ ಯಾವುದರ ಹೇನು ಹೆಕ್ಕುತ್ತದೆ, ಯಾವುದು ಪ್ರವಾಸಿಗರ ಕೈಯ ಪೊಟ್ಟಣ ಕಸಿಯುತ್ತದೆ ಎಂದು ಹುಡುಗಿಯರು ಗುರುತು ಹಾಕಿಕೊಳ್ಳುತ್ತಿದ್ದರು. ಆ ವರ್ಷ ಬಿಸಿಲು ಜೋರಿತ್ತು. ಮೇಲಿನ ಗುಹೆಯ ಮುಂದೆ ನಿಂತು ಬೆವರು ಒರೆಸಿಕೊಳ್ಳುವಾಗ ಸೆರಗು ಬಲಗಣ್ಣಿಗೆ ಅಡ್ಡ ಬಂತು. ಎದುರಿನ ಬಂಡೆ ಕೆಂಪಗಿರಲಿಲ್ಲ. ಸೆರಗು ಸರಿಸಿದೆ, ಕೆಂಪಗಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಇದನ್ನು ತೆರೆದು ಅದನ್ನು ಮುಚ್ಚಿ, ಹುಡುಗಿಯರು ನಗುವವರೆಗೂ ನೋಡಿದೆ. ಇಳಕಲ್ಲಿನಲ್ಲಿ ಹುಟ್ಟಿದವರಿಗೆ ಕೆಂಪನ್ನು ಯಾರೂ ಕಲಿಸಿಕೊಡಬೇಕಿಲ್ಲ, ಸೀರೆಯ ಸೆರಗಿನಲ್ಲೇ ಅದನ್ನು ನೋಡಿ ಬೆಳೆಯುತ್ತೇವೆ. ನನ್ನ ಎಡಗಣ್ಣಿಗೆ ಕಂಡದ್ದು ಒಗೆದು ಒಗೆದು ಬಣ್ಣ ಬಿಟ್ಟ ಸೀರೆಯ ಕೆಂಪು. ಧೂಳು ಬಿದ್ದಿರಬೇಕು ಅಂದುಕೊಂಡು ಕಣ್ಣು ತೊಳೆದುಕೊಂಡೆ.

ಕಣ್ಣು ಕೆಲವು ವಾರಗಳಲ್ಲಿ ತಾನೇ ಸರಿಹೋಯಿತು. ನಾನೂ ಮರೆತೆ. ಮುಂದೆ ಎಡಗಾಲು ಚಪ್ಪಲಿಯನ್ನು ದಾರಿಯಲ್ಲೇ ಬಿಟ್ಟು ಬರತೊಡಗಿತು. ಹತ್ತು ಹೆಜ್ಜೆ ನಡೆದ ಮೇಲೆ ಬರಿಗಾಲಲ್ಲಿದ್ದೇನೆ ಎಂದು ತಿಳಿಯುತ್ತಿತ್ತು, ಅದೂ ಯಾರಾದರೂ ಹಿಂದಿನಿಂದ, "ಮೇಡಂ, ಚಪ್ಲಿ" ಎಂದು ಕೂಗಿದಾಗ. ಆಮೇಲೆ ಅಂಗೈ. ಅವ್ವನಷ್ಟು ನೇಮ ನನಗಿಲ್ಲದಿದ್ದರೂ ದಿನಾ ಒಂದಿಷ್ಟು ಹೊತ್ತು ಲಿಂಗ ಹಿಡಿದು ಕೂರುವ ರೂಢಿಯಿತ್ತು. ಒಂದು ಬೆಳಿಗ್ಗೆ ಕಣ್ಣು ಮುಚ್ಚಿದರೆ ಅಂಗೈ ಬರಿದಾಗಿತ್ತು. ಗಾಬರಿಯಿಂದ ಕಣ್ಣು ತೆರೆದೆ, ಲಿಂಗ ಅಲ್ಲೇ ಇತ್ತು. ಮತ್ತೆ ಮುಚ್ಚಿದೆ, ಇಲ್ಲ. ಅಷ್ಟು ವರ್ಷದಿಂದ ಇದ್ದ ಒಂದು ತೂಕ ಕೈಯಿಂದ ಹೊರಟುಹೋಗಿತ್ತು. ಅವತ್ತು ಗಂಡನಿಗೆ ಹೇಳಿದೆ.

ಹುಬ್ಬಳ್ಳಿಯ ಡಾಕ್ಟರು ತಲೆಯ ಮತ್ತು ಬೆನ್ನುಹುರಿಯ ಸ್ಕ್ಯಾನ್ ಮಾಡಿಸಿ, ಬಿಳಿಯ ಚುಕ್ಕೆಗಳನ್ನು ತೋರಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ನರಗಳ ಮೇಲೊಂದು ಕೊಬ್ಬಿನ ಹೊದಿಕೆ ಇರುತ್ತದೆ. ಹೊರಗಿನ ರೋಗಾಣುಗಳನ್ನು ಹಿಡಿಯಬೇಕಾದ ನಮ್ಮ ಮೈಯ ಕಾವಲಿನ ಕೋಶಗಳೇ ದಿಕ್ಕು ತಪ್ಪಿ ಆ ಹೊದಿಕೆಯನ್ನು ಕಚ್ಚುತ್ತವೆ. ಕಚ್ಚಿದ ಜಾಗದಲ್ಲಿ ಸುದ್ದಿ ನಿಲ್ಲುತ್ತದೆ. ಕಣ್ಣಿನ ನರದಲ್ಲಾದರೆ ಬಣ್ಣ ಮಾಸುತ್ತದೆ, ಬೆನ್ನುಹುರಿಯಲ್ಲಾದರೆ ಕಾಲು ಸೋಲುತ್ತದೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಸೆಕೆಯಲ್ಲಿ ಹೆಚ್ಚಾಗುತ್ತದೆ. "ಬಾಗಲಕೋಟ್ಯಾಗ ಇರ್ತೀರಿ ಅಂದ್ರ ಸ್ವಲ್ಪ ತ್ರಾಸ ಐತ್ರಿ" ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ, ಹಿಡಿತದಲ್ಲಿಡಲು ಇದೆ ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಅವ್ವನಿಗೆ ಹೇಳಬೇಕಿತ್ತು. ಫೋನು ಹಿಡಿಯುವ ಮೊದಲು ಅವಳ ಬೈಗುಳವನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡೆ. ಹಗಲೆಲ್ಲ ಮೊಬೈಲು ನೋಡುತ್ತೀ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಎಣ್ಣೆ ಹಚ್ಚಿಕೊಳ್ಳುವುದಿಲ್ಲ, ಆಗದೆ ಏನಾಗುತ್ತದೆ. ಅದನ್ನು ಕೇಳಿದರೆ ಅರ್ಧ ಬೇನೆ ಕಡಿಮೆಯಾಗುತ್ತದೆ ಎಂದೂ ಅನ್ನಿಸಿತ್ತು. ಅವ್ವ ಬೈಯುವಷ್ಟು ಸಣ್ಣ ವಿಷಯ ಇದು ಅಂತಾದರೆ ಹೆದರುವುದೇಕೆ. ನಾನು ಹೇಳಿ ಮುಗಿಸಿದೆ. ಅವ್ವ, "ಊಟ ಮಾಡಿ ಮಲಕ್ಕೊ, ಮಗಳ" ಅಂದಳು.

ಮಗಳ. ಅವಳ ಬಾಯಿಂದ ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಎರಡು ಮೂರು ವಾರ ಹೀಗೇ ಇತ್ತು, ಪಾಪ, ಆಘಾತವಾಗಿದೆ ಅಂದುಕೊಂಡೆ. ಆಮೇಲೂ ಹಾಗೇ. ದಿನಾ ಸಂಜೆ ಫೋನು ಬರುತ್ತಿತ್ತು. ಉಂಡೆಯಾ, ಔಷಧ ತೊಗೊಂಡೆಯಾ, ಕಾಲು ಹೇಗಿದೆ. ದವಾಖಾನೆಯ ನರ್ಸಿನ ಹಾಗೆ ಮೆತ್ತಗೆ ಕೇಳಿ ಇಟ್ಟುಬಿಡುತ್ತಿದ್ದಳು. ನಾನು ತಡೆಯಲಾರದೆ ಪರೀಕ್ಷೆಗಿಳಿದೆ. ಅವಳು ಕಳಿಸಿದ ನಿಂಬೆಹಣ್ಣಿನ ಉಪ್ಪಿನಕಾಯಿಯ ಮುಚ್ಚಳ ಹಾಕದೆ ಇಟ್ಟು ಬೂಷ್ಟು ಬಂತು, ಚೆಲ್ಲಿಬಿಟ್ಟೆ ಎಂದು ಸುಳ್ಳು ಹೇಳಿದೆ. ಮೊದಲಾದರೆ ಇಷ್ಟಕ್ಕೆ ನಮ್ಮ ಅತ್ತೆಯ ಮನೆತನದವರೆಗೂ ಹೋಗಿ ಬರುತ್ತಿದ್ದಳು. "ಇರ್ಲಿ ಬಿಡು, ಮತ್ತ ಹಾಕಿ ಕಳಸ್ತೇನಿ" ಅಂದಳು. ನನಗೆ ನಿಜಕ್ಕೂ ಸಿಟ್ಟು ಬಂತು. ಫೋನಿಟ್ಟು ಗಂಡನ ಮೇಲೆ ಹರಿಹಾಯ್ದೆ. "ಜಗತ್ತಿನ್ಯಾಗ ಎಲ್ಲಾರೂ ಇಂಥಾ ಅವ್ವ ಬೇಕಂತ ಬೇಡ್ಕೊಂತಾರ, ನಿಂದು ನೋಡಿದ್ರ" ಎಂದು ಅವನು ಟಿವಿಯ ಕಡೆ ತಿರುಗಿದ. ಅವನಿಗೆ ಹೇಗೆ ಹೇಳುವುದು. ಅಂಗೈಯಿಂದ ಹೋದ ತೂಕಕ್ಕೊಂದು ಹೆಸರಿದೆ, ಔಷಧವಿದೆ, ಸ್ಕ್ಯಾನಿನಲ್ಲಿ ಅದರ ಚುಕ್ಕೆಯೂ ಕಾಣುತ್ತದೆ. ಇದು ಅದಕ್ಕಿಂತ ದೊಡ್ಡದು ಹೋದ ಹಾಗಿತ್ತು. ನನಗೆ ನನ್ನ ಹಳೆಯ ಅವ್ವ ಬೇಕಾಗಿದ್ದಳು.

ಮೆತ್ತಗಿನ ಆ ಮಾತುಗಳ ಕೊನೆಗೆ ಅವ್ವ ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳುತ್ತಿದ್ದಳು. "ಇದು ಎಲ್ಲಿಂದ ಬಂತು ಅಂತಾರ ಡಾಕ್ಟರು?" ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದು ನಾನೂ ತಪ್ಪದೆ ಹೇಳುತ್ತಿದ್ದೆ. ಅವಳು ಹ್ಞೂಂ ಅನ್ನುತ್ತಿದ್ದ ರೀತಿ ನೋಡಿದರೆ, ಯಾರಿಗೂ ಗೊತ್ತಿಲ್ಲ ಎಂಬುದನ್ನು ನಂಬಿದವಳ ಹಾಗಿರಲಿಲ್ಲ. ಅವಳಿಗೊಂದು ಉತ್ತರ ಕೊಟ್ಟರೆ ಮೊದಲಿನಂತಾದಾಳು ಎಂದು ನನ್ನ ತಲೆಗೆ ಹೊಕ್ಕಿತು. ಓದತೊಡಗಿದೆ. ಅಷ್ಟಕ್ಕೂ ಹುಳಗಳ ಹೆಸರು ಬಾಯಿಪಾಠ ಇದ್ದವಳು ನಾನು.

ಓದುತ್ತ ಹೋದಂತೆ ರೆಟ್ರೊವೈರಸ್ಸುಗಳ ಹತ್ತಿರ ಬಂದು ನಿಂತೆ. ತರಗತಿಯಲ್ಲಿ ಇವನ್ನು ಎಷ್ಟೋ ಸಲ ಕಲಿಸಿದ್ದೆ, ನನ್ನ ಮನೆಯ ಕಥೆ ಎಂದು ಓದಿರಲಿಲ್ಲ. ಬೇರೆ ವೈರಸ್ಸುಗಳು ಜೀವಕೋಶಕ್ಕೆ ನುಗ್ಗಿ, ದಾಂಧಲೆ ಮಾಡಿ, ಹೊರಬೀಳುತ್ತವೆ. ರೆಟ್ರೊವೈರಸ್ ಹಾಗಲ್ಲ. ಅದು ತನ್ನ ಇಡೀ ಬರಹವನ್ನು ನಮ್ಮ ಡಿಎನ್‌ಎಗೆ ಒಗ್ಗುವಂತೆ ನಕಲು ಮಾಡಿ, ನಮ್ಮ ಬರಹದ ನಡುವೆಯೇ ಸೇರಿಸಿಬಿಡುತ್ತದೆ. ಮನುಷ್ಯ ಇನ್ನೂ ಮನುಷ್ಯನಾಗುವ ಮೊದಲೇ ಇಂಥ ಕೆಲವು ವೈರಸ್ಸುಗಳು ನಮ್ಮ ಹಿಂದಿನವರ ಅಂಡಾಣು, ವೀರ್ಯಾಣುಗಳನ್ನೇ ಹೊಕ್ಕವು. ಅಲ್ಲಿಂದ ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತ ಇವತ್ತಿನವರೆಗೂ ಬಂದಿವೆ. ನನ್ನಲ್ಲೂ ಇವೆ, ಇದನ್ನು ಓದುವವರಲ್ಲೂ ಇವೆ. ಬಾಡಿಗೆಗೆ ಬಂದವರು ಮನೆಯವರೇ ಆದ ಹಾಗೆ. ಬಹುಪಾಲು ಮುರಿದು ಮುಕ್ಕಾಗಿ ಸುಮ್ಮನೆ ಬಿದ್ದಿವೆ.

ಕೆಲವು ಏಳುತ್ತವೆಯೋ ಏನೋ. ನನ್ನ ಬೇನೆ ಇರುವವರ ಮಿದುಳಿನ ಗಾಯಗಳ ಹತ್ತಿರ, ಇಂಥದೊಂದು ಹಳೆಯ ವೈರಸ್ ಕುಟುಂಬದ ಪ್ರೋಟೀನು ಸಿಕ್ಕಿದೆ ಎಂದು ಸಂಶೋಧಕರು ಬರೆದಿದ್ದಾರೆ. ಅದು ಕಾವಲಿನ ಕೋಶಗಳನ್ನು ಕೆರಳಿಸುತ್ತಿರಬಹುದು. ಹರೆಯದಲ್ಲಿ ಗಂಟಲು ನೋವು ಜ್ವರ ಎಂದು ಬಂದುಹೋಗುವ ಮತ್ತೊಂದು ಸಾಮಾನ್ಯ ವೈರಸ್ ಇದನ್ನು ಎಬ್ಬಿಸಿರಬಹುದು. ಅಥವಾ ಇದು ಕಾರಣವೇ ಅಲ್ಲದೆ, ಗಾಯದ ಗದ್ದಲಕ್ಕೆ ತಾನೂ ಎದ್ದು ಕೂತಿರಬಹುದು. ಓದುತ್ತ ಓದುತ್ತ ನನಗೆ ಈ 'ಬಹುದು'ವಿನ ಮೇಲೆ ಕೆಂಡದಂಥ ಸಿಟ್ಟು ಬಂತು. ವಿಜ್ಞಾನ ಹಾಗೇ ಮಾತಾಡಬೇಕು, ಮಕ್ಕಳಿಗೆ ನಾನೇ ಹಾಗೆ ಕಲಿಸುತ್ತೇನೆ. ಆದರೆ ಕಾಲು ಎಳೆಯುತ್ತ ಅಡಿಗೆ ಮನೆಗೆ ಹೋಗುವವಳಿಗೆ 'ಬಹುದು' ಸಾಲುವುದಿಲ್ಲ. ಅವ್ವನಿಗಂತೂ ಏನೇನೂ ಸಾಲದು.

ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಹೆತ್ತವರಿಂದ ಇಳಿದು ಬಂದದ್ದು ಅಂದೆನೋ, ಮುಗಿಯಿತು. "ಅಂದ್ರ ನನ್ನಿಂದ ಬಂತು" ಎಂದು ಹಿಡಿದುಬಿಡುತ್ತಾಳೆ. ಬರೀ ಅದರಿಂದ ಬೇನೆ ಬರುವುದಿಲ್ಲ, ಆ ಹಳೆಯ ವೈರಸ್ಸು ಎಲ್ಲರಲ್ಲೂ ಇದೆ ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳುವುದು ಆ ಒಂದೇ ಮಾತು. ಬಾಯಿ ಮುಚ್ಚಿಕೊಂಡು ಕೂತೆ.

ಹಾಗಿರುವಾಗ ಒಂದು ದಿನ ನನ್ನದೇ ಪಾಠದ ತಯಾರಿಯಲ್ಲಿ ಆ ಇನ್ನೊಂದು ಸಂಗತಿ ಎದುರಾಯಿತು. ಬಸಿರಿನಲ್ಲಿ ಮಗುವನ್ನು ತಾಯಿಗೆ ಅಂಟಿಸಿ ಹಿಡಿಯುವ ಜರಾಯು, ನಮ್ಮ ಕಡೆಯವರು ಮಾಸು ಅನ್ನುವುದು, ಅದು ಸರಿಯಾಗಿ ಕೂಡಿಕೊಳ್ಳಬೇಕಾದರೆ ಒಂದು ಪ್ರೋಟೀನು ಬೇಕು. ಆ ಪ್ರೋಟೀನಿನ ಬರಹ ಅದೇ ಹಳೆಯ ವೈರಸ್ ಕುಟುಂಬದ್ದು. ಇದರಲ್ಲಿ 'ಬಹುದು' ಅಷ್ಟಾಗಿ ಇಲ್ಲ. ಯಾವ ಮನೆತನದ ವೈರಸ್ಸು ನನ್ನ ನರಗಳನ್ನು ಕಚ್ಚಿಸುತ್ತಿದೆ ಎಂಬ ಅನುಮಾನವಿದೆಯೋ, ಆ ಮನೆತನದ್ದೇ ನನ್ನನ್ನು ಅವ್ವನ ಹೊಟ್ಟೆಯಲ್ಲಿ ಬೀಳದಂತೆ ಹಿಡಿದಿತ್ತು. ಎಷ್ಟೋ ವರ್ಷಗಳಿಂದ ಗೊತ್ತಿದ್ದ ವಿಷಯವೇ. ಅವತ್ತು ಮಾತ್ರ ಪುಸ್ತಕ ಮಡಿಚಿ ಅತ್ತೆ. ಅವ್ವನಿಗೆ ಹೇಳಲು ಏನೋ ಸಿಕ್ಕಿತು ಎಂಬ ಸಂತೋಷಕ್ಕೆ ಅತ್ತೆ. ಅವಳಿಂದ ಬಂದದ್ದು ಬರೀ ಬೇನೆಯಲ್ಲ, ನಾನೇ ಅದರಿಂದ ಬಂದವಳು ಎಂದು ಹೇಳಬಹುದು. ಅವಳ ಮನಸ್ಸು ಹಗುರವಾಗುತ್ತದೆ, ಮೊದಲಿನಂತೆ ಎರಡು ಮಾತು ಬೈಯುತ್ತಾಳೆ.

ಚಳಿ ಬೀಳುವವರೆಗೆ ಕಾದು ಇಳಕಲ್ಲಿಗೆ ಹೊರಟೆ. ಗಂಡ ಬರುತ್ತೇನೆ ಅಂದ, ನಾನೇ ಬೇಡ ಅಂದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕಂಡಕ್ಟರನ ಕೈಯಿಂದ ಕರದಂಟು ತರಿಸಿಕೊಂಡೆ. ಕರದಂಟು ಒಯ್ದರೆ "ಹಲ್ಲಿಲ್ಲದಾಕಿಗಿ ಕರದಂಟ ತಂದಾಳ, ಶ್ಯಾಣ್ಯಾಕಿ" ಎಂದು ಬೈದೇ ಬೈಯುತ್ತಿದ್ದಳು, ಅದಕ್ಕೇ ತರಿಸಿದ್ದು. ಅಮೀನಗಡ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಡಲೆ, ಬಿಳಿಜೋಳ. ಹುನಗುಂದದ ಹತ್ತಿರ, ಹೊಳೆಗಳು ಕೂಡುವ ಸಂಗಮದ ಕಡೆಯ ಫಲಕ ಹಿಂದೆ ಸರಿಯಿತು. ಈ ದಾರಿಯಲ್ಲಿ ಬರುವಾಗಲೆಲ್ಲ ನಾನು ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದವಳು. ಊರು ಬರುವ ಮೊದಲೇ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುತ್ತಿದ್ದವಳು. ಈ ಸಲ ಎಲ್ಲರೂ ಇಳಿಯುವವರೆಗೆ ಕೂತಿದ್ದೆ. ಕಂಡಕ್ಟರ, "ಸಾವಕಾಶ ಇಳೀರಿ ಅಕ್ಕಾರ" ಅಂದ. ಆ ಹಳೆಯ ಕಾಲುಗಳ ಮೇಲೆ ಎಷ್ಟು ಆಸೆಯಾಯಿತೆಂದರೆ, ಬೇರೆ ಯಾರದೋ ಮನೆಯಲ್ಲಿ ಅವು ಇವೆಯೇನೋ, ಹೋಗಿ ಕೇಳಿ ತರಬಹುದೇನೋ ಎಂಬಂತೆ ಆಸೆಯಾಯಿತು.

ಅವ್ವ ನನ್ನ ತಮ್ಮನ ಸಂಸಾರದೊಂದಿಗೆ ಅದೇ ಮನೆಯಲ್ಲಿದ್ದಾಳೆ. ತಮ್ಮನಿಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಕೆಲವು ವರ್ಷಗಳ ಹಿಂದೆ ಹಿತ್ತಲಿನ ಹಳೆಯ ಬಚ್ಚಲನ್ನು ಕೆಡವಿ, ಅಲ್ಲಿ ಹೊಸದು ಕಟ್ಟಿಸಿ, ನೆಲಕ್ಕೆ ನಮ್ಮೂರ ಕೆಂಪು ಗ್ರಾನೈಟನ್ನೇ ಹಾಸಿಸಿದ್ದ. ಓಣಿಯವರು ಬಂದು ನೋಡಿಕೊಂಡು ಹೋಗುವಂಥ ಬಚ್ಚಲು. ನಾನು ಹೋದಾಗ ಮಧ್ಯಾಹ್ನವಾಗಿತ್ತು. ತಮ್ಮ ಕೆಲಸಕ್ಕೆ, ಅವನ ಹೆಂಡತಿ ಸಂತೆಗೆ ಹೋಗಿದ್ದರು. ಅವ್ವ ಹಿತ್ತಲಲ್ಲಿ ಬಿಸಿಲಿಗೆ ಕೂತು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಕರದಂಟು ಕೊಟ್ಟೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಚೀಪುತ್ತ, "ಚಲೋ ಐತಿ" ಅಂದಳು.

ಅವಳ ಪಕ್ಕ ಕೂತು ಹೇಳತೊಡಗಿದೆ. ಆದಷ್ಟು ಸರಳ ಮಾಡಿ ಹೇಳಿದೆ. ಬಹಳ ಹಳೆಯ ಹುಳವೊಂದಿದೆ, ಎಲ್ಲರ ಮೈಯೊಳಗೂ ಇದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗಿಂತ ಎಷ್ಟೋ ಹಿಂದೆ ಬಂದು ಸೇರಿಕೊಂಡದ್ದು. ಅದು ಎದ್ದು ಕೂತು ನನ್ನ ನರಕ್ಕೆ ತೊಂದರೆ ಕೊಡುತ್ತಿರಬಹುದು ಅಂತಾರೆ, ಖಾತ್ರಿಯಿಲ್ಲ. ಅವ್ವ ಮೊರ ಕೆಳಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಮುಂದಿನದನ್ನು ಹೇಳಿಬಿಟ್ಟೆ.

"ಇನ್ನೂ ಐತಿ, ಕೇಳು ಅವ್ವ. ಮಾಸು ಇರತೈತಲ್ಲ, ಬಸರಾಗ ಕೂಸಿನ್ನ ಹಿಡಕೊಂಡಿರೂದು. ಅದನ್ನ ಕಟ್ಟಾಕ ಬೇಕಾಗಿದ್ದು ಆ ಹುಳದ ಜಾತೀದ. ಅದು ಇರಲಿಲ್ಲಂದ್ರ ನಾ ನಿನ್ನ ಹೊಟ್ಟ್ಯಾಗ ನಿಲ್ಲತಿರಲಿಲ್ಲ. ನನ್ನ ನಿನಗ ಅಂಟಿಸಿದ್ದ ಅದು."

ಅವ್ವ ನನ್ನನ್ನೇ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತು. "ಮಾಸಿಂದೇನು?" ಎಂದು ಕೇಳಿದಳು. ಹೌದೆಂದೆ. "ಖರೇನ ಪುಸ್ತಕದಾಗ ಹಂಗೈತೇನು?" ಮತ್ತೆ ಹೌದೆಂದೆ.

"ನನಗ ಗೊತ್ತಿತ್ತು" ಅಂದಳು.

ಏನು ಗೊತ್ತಿತ್ತು ಎಂದು ನನಗೆ ಹೊಳೆಯಲಿಲ್ಲ. ಅವ್ವ ಹೊಸ ಬಚ್ಚಲಿನ ಕಡೆ ಕೈ ಮಾಡಿದಳು. ನಾನು ಹುಟ್ಟಿದ್ದು ಈ ಮನೆಯಲ್ಲೇ. ಸೂಲಗಿತ್ತಿ ನನ್ನ ಮಾಸನ್ನು ಹಳೆಯ ಬಚ್ಚಲಿನ ಹಿಂದೆ ಕುಣಿ ತೋಡಿ, ಅರಿಷಿಣ ಹಾಕಿ ಹೂಳಿದ್ದಳಂತೆ. ನಾಯಿ ಕೆದರಿದರೆ ಕೂಸಿಗೆ ಕೇಡು ಎಂದು ಮೇಲೆ ಅಗಲವಾದ ಕಲ್ಲು ಇಟ್ಟಿದ್ದಳಂತೆ. ಆ ಕಲ್ಲು ಯಾವುದೆಂದು ಅವ್ವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಬಚ್ಚಲು ಕಟ್ಟುವಾಗ ಕೆಲಸದವರು ಅದನ್ನು ಕಿತ್ತು, ಅಗೆದ ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಕಳಿಸಿದರು.

"ನಾ ಅಲ್ಲೆ ನಿಂತು ನೋಡಿದೆ" ಅಂದಳು ಅವ್ವ. "ಬ್ಯಾಡ ಅನ್ನಬೇಕಂದೆ. ಕಲತ ಮಕ್ಳು, ನಗತೀರಿ ಅಂತ ಸುಮ್ಮನಾದೆ. ಮರುವರ್ಷ ನಿನ್ನ ಕಣ್ಣಿಗಿ ಬಂತು. ಮಾಸು ಕಟ್ಟಿದ್ದೂ ಅದ, ನರಾ ಕಡಿಯೂದೂ ಅದ ಅಂತ ನೀನ ಹೇಳತಿ. ಅದರ ಜಾಗಾ ಕಿತ್ತಿದ್ದಕ್ಕ ಅದಕ್ಕ ಸಿಟ್ಟ ಬಂದೈತಿ. ಇಲ್ಲಂದ್ರ ಇಷ್ಟ ವರ್ಷ ಸುಮ್ಮನಿದ್ದದ್ದು ಈಗ ಯಾಕ ಎದ್ದಿತು, ಹೇಳು ನೋಡೂಣು."

ನನ್ನ ವಿಜ್ಞಾನ 'ಬಹುದು' ಎಂದು ಬಿಟ್ಟಿದ್ದ ಜಾಗಕ್ಕೇ ಬಂದು ಕೂತುಬಿಟ್ಟಿದ್ದಳು. ಹಗುರ ಮಾಡಲು ತಂದ ಮಾತನ್ನು ಅವಳ ತಲೆಯ ಮೇಲೆ ಕಲ್ಲಿನಂತೆ ಹೊರಿಸಿದ್ದೆ. ನಾನು ವಾದ ಮಾಡಿದೆ. ಮಾಸು ಅಷ್ಟು ವರ್ಷ ಮಣ್ಣಲ್ಲಿ ಉಳಿಯುವುದಿಲ್ಲ, ಯಾವತ್ತೋ ಮಣ್ಣಾಗಿದೆ ಅಂದೆ. ಮಣ್ಣಾದರೂ ಜಾಗ ಜಾಗವೇ ಅಂದಳು. ತಮ್ಮನ ಮಾಸೂ ಅಲ್ಲೇ ಹೂಳಿರಬೇಕಲ್ಲ, ಅವನು ಕಲ್ಲಿನ ಹಾಗಿದ್ದಾನಲ್ಲ ಅಂದೆ. "ಅವನ ಹಡದಿದ್ದು ದವಾಖಾನ್ಯಾಗ. ಅವಂದು ಅಲ್ಲೇ ಹೋತು" ಅಂದಳು.

"ಅದಕ್ಕ ನೀ ನನ್ನ ಕೂಡ ಹಿಂಗ ಮಾತಾಡ್ತಿಯೇನು? ಯಾರೋ ಮಂದಿ ಕೂಡ ಮಾತಾಡಿದಂಗ" ಎಂದು ಕೇಳಿದೆ.

ಅವ್ವ ಸಜ್ಜೆಯಲ್ಲಿ ಕೈಯಾಡಿಸಿದಳು. "ನಿನ್ನ ಬ್ಯಾನಿ ಸುದ್ದಿ ಕೇಳಿದ ಮರುದಿನ ಸಂಗಮಕ್ಕ ಹೋಗಿದ್ದೆ" ಅಂದಳು. "ಹರಕಿ ಹೊತ್ತು ಬಂದೀನಿ. ನಿನಗ ಬೈಯೂದು ಅಲ್ಲೆ ಬಿಟ್ಟು ಬಂದೆ. ಏನರ ಪ್ರೀತಿದ್ದದ್ದು ಬಿಡಬೇಕಲ್ಲ."

ಶರಣರು ಹರಕೆ ಗಿರಕೆ ಹೊತ್ತವರಲ್ಲ, ಅವರು ಐಕ್ಯವಾದ ಜಾಗದಲ್ಲೇ ಹೋಗಿ ಈ ಕೆಲಸ ಮಾಡಿ ಬಂದಿದ್ದೀಯಲ್ಲ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ. "ಬದನಿಕಾಯಿ ಬಿಡಬೇಕಿತ್ತಿಲ್ಲೊ" ಅಂದೆ. ಎಣ್ಣೆಗಾಯಿ ಅಂದರೆ ಅವಳಿಗೆ ಜೀವ.

"ಬದನಿಕಾಯಿ ಮ್ಯಾಲ ಪ್ರೀತಿ ಐತಿ, ಖರೆ" ಅಂದಳು. "ಇದರಷ್ಟಿಲ್ಲ."

ಇಷ್ಟು ವರ್ಷ ನಾನು ಏನನ್ನು ತಿಂದು ಬೆಳೆದೆ ಎಂದು ಅವಳೇ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಕೈಯಲ್ಲಿದ್ದ ಅತಿ ಪ್ರೀತಿಯ ವಸ್ತುವನ್ನು ನನಗಾಗಿ ಹೊಳೆಗೆ ಬಿಟ್ಟು ಬಂದಿದ್ದಳು, ನಾನು ಅದಕ್ಕಾಗಿಯೇ ಹಸಿದು ಸಾಯುತ್ತಿದ್ದೆ. ಒಂದು ಸಲ ಬೈ, ಯಾರಿಗೂ ಹೇಳುವುದಿಲ್ಲ ಅಂದೆ. ತಲೆ ಅಲ್ಲಾಡಿಸಿದಳು. ಹರಕೆ ಮುರಿದರೆ ಅದು ಅವಳಿಗೆ ತಟ್ಟುವುದಿಲ್ಲವಂತೆ, ನನಗೆ ತಟ್ಟುತ್ತದಂತೆ.

"ಎಲ್ಲೀತನಕ ಐತಿ ಇದು?" ಎಂದು ಕೇಳಿದೆ.

"ನೀ ಆರಾಮ ಆಗೂತನಕ." ಅವಳ ಮುಖದಲ್ಲಿ ಮೊದಲಿನ ಆ ಕಳೆ ಒಂದು ಗಳಿಗೆ ಬಂದು ಹೋಯಿತು. "ಆರಾಮ ಆದ ದಿನ ನೋಡು, ಇಷ್ಟ ದಿನದ್ದೆಲ್ಲಾ ಕೂಡಿಸಿ ಬೈತೇನಿ. ಭಾಳ ಕೂಡೇತಿ. ಆ ಉಪ್ಪಿನಕಾಯಿದೂ ಐತಿ." ಆಮೇಲೆ ದನಿ ಇಳಿಸಿ ಕೇಳಿದಳು, "ಡಾಕ್ಟರು ಯಾವಾಗ ಅಂತಾರ? ಹೋಗತೈತಲ್ಲ ಇದು?"

ಪೂರ್ತಿ ವಾಸಿಯಾಗುವ ಬೇನೆ ಇದಲ್ಲ ಎಂಬ ಒಂದು ಮಾತನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅವಳಿಗೆ ವಯಸ್ಸಾಗಿದೆ. ಹೇಳಿದರೆ ಹರಕೆ ಬಿದ್ದುಹೋಗುತ್ತದೆ, ಅವತ್ತೇ ನನಗೆ ಬೈಯಲೂಬಹುದು. ಆದರೆ ತನ್ನದೇ ತಪ್ಪೆಂದು ಆ ಬಚ್ಚಲನ್ನು ನೋಡುತ್ತ ಉಳಿದ ದಿನ ತೆಗೆಯುತ್ತಾಳೆ. ಹೇಳದಿದ್ದರೆ ಕಾಯುತ್ತಾಳೆ. ಅವಳು ಕಾಯಲಿ, ಆ ಬೈಗುಳವೆಲ್ಲ ಅವಳ ಹೊಟ್ಟೆಯಲ್ಲೇ ಇರಲಿ, ನನಗೆ ಸಿಗದಿದ್ದರೂ ಇರಲಿ ಅನ್ನಿಸಿತು.

"ಹೋಗತೈತಿ ಅವ್ವ" ಅಂದೆ. "ಸ್ವಲ್ಪ ದಿನಾ ಹಿಡಿತೈತಿ ಅಂತಾರ."

"ಹಿಡೀಲಿ" ಅಂದಳು. ಮೊರ ಎತ್ತಿಕೊಂಡು ಮತ್ತೆ ಸಜ್ಜೆ ಕೇರತೊಡಗಿದಳು.

ನಾನು ಮುಖ ತೊಳೆದುಕೊಳ್ಳುತ್ತೇನೆ ಎಂದು ಎದ್ದೆ. ಬಚ್ಚಲಿನ ನೆಲ ಒದ್ದೆಯಿತ್ತು. ತಮ್ಮನ ಕೆಂಪು ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಎಡಗಾಲು ಎಲ್ಲಿ ಊರಿತು ಎಂದು ನನಗೆ ತಿಳಿಯಲೇ ಇಲ್ಲ. ಜಾರಿ, ಹಂಡೆಯ ಮೇಲಿನ ಚೆಂಬನ್ನು ಕೆಡವಿಕೊಂಡು, ಗೋಡೆಗೆ ಒರಗಿ ಕೆಳಗೆ ಕುಸಿದೆ. ಚೆಂಬು ದಡದಡ ಉರುಳಿತು. ಅವ್ವ ಮೊರ ಎಸೆದು ಓಡಿ ಬಂದು ಬಾಗಿಲಲ್ಲಿ ನಿಂತಳು. ಹುಬ್ಬು ಗಂಟಿಕ್ಕಿತ್ತು, ಬಾಯಿ ತೆರೆದಿತ್ತು, ಕೊರಳಿನ ನರ ಉಬ್ಬಿತ್ತು. ನಾನು ನೆಲದ ಮೇಲಿನಿಂದಲೇ ಅವಳ ಬಾಯಿಯನ್ನು ನೋಡುತ್ತಿದ್ದೆ. ಕಣ್ಣು ಎಲ್ಲಿಟ್ಟೀ ಮೂಳಿ ಅನ್ನು. ಅನ್ನು ಅವ್ವ.

ಅವಳು ಬಾಯಿ ಮುಚ್ಚಿದಳು. ಬಗ್ಗಿ ನನ್ನ ಕಂಕುಳಿಗೆ ಕೈ ಹಾಕಿ ಎತ್ತುತ್ತ, "ಹೆದರಬ್ಯಾಡ ಮಗಳ, ನಾ ಅದೀನಿ" ಅಂದಳು.

ನಾನು ಅವಳ ಹೆಗಲಿಗೆ ಮುಖ ಹಚ್ಚಿ ಅತ್ತೆ. ಎಲ್ಲಿ ಪೆಟ್ಟಾತು ಎಂದು ಕೇಳಿದಳು. ಮೊಣಕಾಲು ತೋರಿಸಿದೆ.